ಕರೋಡಗಿರಿ ನಾಕೆಯಿಂದ ಕರ್ನಲ್‌ವರೆಗೆ



ಕರಜಗಿ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಬೆಳೆದ ನೀವು ನಿಮ್ಮ ಅಜ್ಜನ ಬಾಯಿಂದಲೋ ಮುತ್ತಜ್ಜನ ಬಾಯಿಂದಲೋ 'ಕರೋಡಗಿರಿ' ಎಂಬ ಶಬ್ದವನ್ನು ಕೇಳಿರಬಹುದು. 1948ಕ್ಕೆ ಮೊದಲು ನಮ್ಮ ಅಕ್ಕಲಕೋಟ ಭೋಸಲೆಯವರ ಸಂಸ್ಥಾನವಾಗಿತ್ತು. ಅದರ ಮೂಡಲಕ್ಕೆ ನಿಜಾಮರ ಹೈದರಾಬಾದ್ ಸೀಮೆ. ನಮ್ಮವರ ಮಾತಿನಲ್ಲಿ ಹೇಳುವುದಾದರೆ ಮೊಗಲಾಯಿ. ನಿಜಾಮರ ಸರಕಾರಕ್ಕೆ ತನ್ನದೇ ಆದ ಸುಂಕದ ಇಲಾಖೆ ಇತ್ತು. ಅದೇ ಕರೋಡಗಿರಿ. ಸರಕು ತುಂಬಿದ ಬಂಡಿ ಗಡಿ ದಾಟಬೇಕಾದರೆ ನಾಕೆಯಲ್ಲಿ ನಿಲ್ಲಬೇಕು. ಎಲ್ಲಿಂದ ಬಂದೆ, ಎಲ್ಲಿಗೆ ಹೊರಟೆ, ಬಂಡಿಯಲ್ಲಿ ಏನಿದೆ? ಈ ಮೂರು ಪ್ರಶ್ನೆಗೆ ಉತ್ತರ ಕೊಟ್ಟು, ಸುಂಕ ಕಟ್ಟಿ, ಪಾವತಿ ಪಡೆದು ಮುಂದೆ ಹೋಗಬೇಕು.

ಆದರೆ ನಾಕೆ ಇರುವುದು ರಸ್ತೆಯ ಮೇಲೆ. ಹೊಲದ ಬದುವಿನ ಮೇಲೆ ನಾಕೆ ಇಲ್ಲ, ಹಳ್ಳದ ದಾರಿಯಲ್ಲಿ ನಾಕೆ ಇಲ್ಲ. ಗಡಿಯಲ್ಲಿ ಬದುಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂದು ನಾನು ನಿಮ್ಮೊಡನೆ ಮಾತಾಡಬೇಕೆಂದಿರುವುದು ಬಂಡಿಯ ವಿಷಯವಲ್ಲ. ನಿಮ್ಮ ಅಂಗಿಯ ಕಿಸೆಯಲ್ಲಿರುವ ಮೊಬೈಲಿನೊಳಗೂ ಇಂಥದೇ ಒಂದು ನಾಕೆ ಇದೆ. ನೀವು ಮಾತಾಡದೆ ಸುಮ್ಮನೆ ಕುಳಿತಿದ್ದಾಗಲೂ ಅದರೊಳಗಿಂದ ಸಾವಿರಾರು ಗಂಟುಗಳು ಹೋಗುತ್ತವೆ, ಬರುತ್ತವೆ. ಆ ನಾಕೆಯನ್ನು ಯಾರು, ಯಾವಾಗ, ಎಲ್ಲಿ ಕಟ್ಟಿದರು? ಅಲ್ಲಿ ಕಾಯಿದೆ ಬರೆಯುವವರು ಯಾರು? ಈ ಇತಿಹಾಸಕ್ಕೆ ಇನ್ನೂ ನಲವತ್ತು ವರ್ಷ ತುಂಬಿಲ್ಲ.

ಮೊದಲು ಎರಡು ಶಬ್ದಗಳನ್ನು ಪರಿಚಯ ಮಾಡಿಕೊಳ್ಳೋಣ. ಒಂದು ಕರ್ನಲ್. ಇದು ಸೈನ್ಯದ ಕರ್ನಲ್ ಅಲ್ಲ. ಕಾಳಿನ ತಿರುಳು ಎಂಬ ಅರ್ಥದ ಇಂಗ್ಲಿಷ್ ಶಬ್ದ. ಶೇಂಗಾಕಾಯಿಯನ್ನು ನೆನೆಯಿರಿ. ಮೇಲಿನದು ಸಿಪ್ಪೆ, ಒಳಗಿನದು ಕಾಳು. ಯುನಿಕ್ಸ್ ಎಂಬ ಗಣಕ ವ್ಯವಸ್ಥೆಯನ್ನು ಕಟ್ಟಿದವರು ಜನರ ಆಜ್ಞೆ ಕೇಳುವ ಹೊರಭಾಗಕ್ಕೆ ಶೆಲ್, ಅಂದರೆ ಸಿಪ್ಪೆ ಎಂದೇ ಕರೆದರು. ಒಳಗಿದ್ದು ಯಂತ್ರವನ್ನು ನಿಜವಾಗಿ ಆಳುವ ಭಾಗ ಕರ್ನಲ್. ಎರಡನೆಯದು ಪ್ಯಾಕೆಟ್. ಗಣಕಗಳು ಒಂದಕ್ಕೊಂದು ಕಳಿಸುವ ಸುದ್ದಿ ಒಂದೇ ಹೊರೆಯಾಗಿ ಹೋಗುವುದಿಲ್ಲ, ಸಣ್ಣ ಸಣ್ಣ ಲಕೋಟೆಗಳಾಗಿ ಹೋಗುತ್ತದೆ. ಪ್ರತಿ ಲಕೋಟೆಯ ಮೇಲೆ ಕಳಿಸಿದವರ ವಿಳಾಸ, ತಲುಪಬೇಕಾದವರ ವಿಳಾಸ, ಜೊತೆಗೆ ಪೋರ್ಟ್ ಎಂಬ ಒಂದು ಸಂಖ್ಯೆ. ಪೋರ್ಟ್ ಅಂದರೆ ತಹಶೀಲ್ದಾರ ಕಚೇರಿಯ ಕಿಡಕಿಯ ನಂಬರು ಇದ್ದ ಹಾಗೆ. 25 ಅಂಚೆಯ ಕಿಡಕಿ. 80 ಮತ್ತು 443 ಜಾಲತಾಣಗಳ ಕಿಡಕಿ. ನೋಡಿ, ಕರೋಡಗಿರಿಯವನ ಮೂರು ಪ್ರಶ್ನೆಗಳೇ ಇಲ್ಲೂ ಇವೆ.

ಈಗ ಮುಖ್ಯ ಮಾತು. ಗಣಕದಲ್ಲಿ ಓಡುವ ಯಾವ ಕಾರ್ಯಕ್ರಮವೂ ತಾನಾಗಿ ಒಂದು ಪ್ಯಾಕೆಟ್ಟನ್ನೂ ಹೊರಗೆ ಹಾಕಲಾರದು. ಕರ್ನಲ್‌ಗೆ ಬಿನ್ನಹ ಮಾಡಿಕೊಳ್ಳಬೇಕು. ಹೊರಗಿನಿಂದ ಬಂದದ್ದೂ ಮೊದಲು ಕರ್ನಲ್‌ನ ಕೈಗೇ ಬೀಳುತ್ತದೆ. ಅಂದರೆ ಹಳ್ಳದ ದಾರಿ, ಬದುವಿನ ದಾರಿ ಎಂಬುದೇ ಇಲ್ಲ. ನಾಕೆ ಕಟ್ಟಬೇಕಾದರೆ ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಕ್ಕೀತು? ಆದರೆ ಅಲ್ಲಿ ಎಡವಿದರೆ ಅಪಾಯವೂ ದೊಡ್ಡದು. ಒಂದು ಸಾಮಾನ್ಯ ಕಾರ್ಯಕ್ರಮ ಕೆಟ್ಟರೆ ಅದೊಂದೇ ನಿಲ್ಲುತ್ತದೆ. ಕರ್ನಲ್ ಕೆಟ್ಟರೆ ಇಡೀ ಯಂತ್ರವೇ ಬೀಳುತ್ತದೆ. ಆದ್ದರಿಂದ ಒಳಗೆ ಎಷ್ಟು ಇಡಬೇಕು, ಹೊರಗೆ ಎಷ್ಟು ಬಿಡಬೇಕು ಎಂಬ ಜಗ್ಗಾಟ ಮೊದಲಿನಿಂದಲೂ ನಡೆದಿದೆ.

1988ರ ನವೆಂಬರ್ 2ರಂದು ಅಮೆರಿಕದಲ್ಲಿ ಒಂದು ಘಟನೆ ನಡೆಯಿತು. ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಮೋರಿಸ್ ಬರೆದ ಒಂದು ಕಾರ್ಯಕ್ರಮ ಗಣಕದಿಂದ ಗಣಕಕ್ಕೆ ತಾನೇ ನಕಲಾಗುತ್ತ ಹಬ್ಬಿತು. ಆಗಿನ ಅಂತರ್ಜಾಲದಲ್ಲಿದ್ದ ಸುಮಾರು ಅರವತ್ತು ಸಾವಿರ ಗಣಕಗಳಲ್ಲಿ ಆರು ಸಾವಿರದಷ್ಟು ಇದಕ್ಕೆ ಸಿಕ್ಕವು ಎಂಬುದು ಆ ಕಾಲದ ಅಂದಾಜು. ಅಲ್ಲಿಯವರೆಗೆ ಜಾಲದಲ್ಲಿದ್ದವರೆಲ್ಲ ಒಂದೇ ಓಣಿಯವರು ಎಂಬ ಭಾವನೆ ಇತ್ತು. ಅಗಸಿಯ ಬಾಗಿಲು ತೆರೆದೇ ಇರುತ್ತಿತ್ತು. ಆ ರಾತ್ರಿಯ ಮೇಲೆ ಜನ ಬಾಗಿಲಿನ ವಿಚಾರ ಮಾಡತೊಡಗಿದರು.

ಭಾರತ ಇದರಿಂದ ತೀರ ದೂರ ಇರಲಿಲ್ಲ. 1986ರಲ್ಲಿ ಕೇಂದ್ರದ ಇಲೆಕ್ಟ್ರಾನಿಕ್ಸ್ ಇಲಾಖೆ ವಿಶ್ವಸಂಸ್ಥೆಯ ನೆರವಿನಿಂದ ಅರ್ನೆಟ್ ಎಂಬ ಜಾಲವನ್ನು ಕೈಗೆತ್ತಿಕೊಂಡಿತು. ಅದರಲ್ಲಿ ಮೊದಲಿಗೆ ಸೇರಿದ ಎಂಟು ಸಂಸ್ಥೆಗಳಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಸಾಮಾನ್ಯ ಜನರಿಗೆ ಅಂತರ್ಜಾಲ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ.

ಬಾಗಿಲಿನ ಮಾತಿಗೆ ಮರಳೋಣ. 1989ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯಲ್ಲಿದ್ದ ಜೆಫ್ರಿ ಮೊಗಲ್ ಒಂದು ಪ್ರಬಂಧ ಓದಿದರು. ಹೆಸರು ಕೇಳಿ ಮೊಗಲಾಯಿಯವರು ಎಂದುಕೊಳ್ಳಬೇಡಿ, ಅಮೆರಿಕದವರೇ. ಯುನಿಕ್ಸ್ ಗಣಕವೊಂದು ಎರಡು ಜಾಲಗಳ ನಡುವೆ ಹೆಬ್ಬಾಗಿಲಾಗಿ ನಿಂತಾಗ, ಯಾವ ಪ್ಯಾಕೆಟ್ ದಾಟಬೇಕು, ಯಾವುದು ದಾಟಬಾರದು ಎಂದು ತೀರ್ಮಾನಿಸುವ ಬಗೆಯನ್ನು ಅವರು ತೋರಿಸಿಕೊಟ್ಟರು. ಅವರ ಯೋಜನೆ ಹೀಗಿತ್ತು: ಬಾಗಿಲಲ್ಲಿ ನಿಂತ ಕರ್ನಲ್ ಪ್ಯಾಕೆಟ್ಟನ್ನು ಹಿಡಿದು ನಿಲ್ಲಿಸುತ್ತದೆ, ಅದರ ಮೇಲ್ವಿಳಾಸವನ್ನು ಹೊರಗೆ ಓಡುತ್ತಿರುವ ಸ್ಕ್ರೀನ್‌ಡಿ ಎಂಬ ಕಾರ್ಯಕ್ರಮಕ್ಕೆ ಕಳಿಸುತ್ತದೆ, ಅದು 'ಬಿಡು' ಎಂದರೆ ಬಿಡುತ್ತದೆ, 'ಬೇಡ' ಎಂದರೆ ಚೆಲ್ಲುತ್ತದೆ.

ಅಗಸಿಯಲ್ಲಿ ನಿಂತ ವಾಲೀಕಾರ ಬಂದವರನ್ನೆಲ್ಲ ನಿಲ್ಲಿಸಿ, ಪ್ರತಿಯೊಬ್ಬರಿಗಾಗಿ ಚಾವಡಿಗೆ ಓಡಿ ಕುಲಕರ್ಣಿಯನ್ನು ಕೇಳಿ ಬಂದ ಹಾಗೆ ಇದು. ಇದರಲ್ಲಿ ಒಂದು ಜಾಣತನವಿದೆ. ವಾಲೀಕಾರನಿಗೆ ಕಾಯಿದೆ ಗೊತ್ತಿರಬೇಕಾಗಿಲ್ಲ. ತಡೆಯುವ ತೋಳು ಇದ್ದರೆ ಸಾಕು. ಕಾಯಿದೆ ಚಾವಡಿಯ ದಫ್ತರದಲ್ಲಿ ಇರುತ್ತದೆ; ಬದಲಿಸಬೇಕಾದರೆ ದಫ್ತರ ಬದಲಿಸಿದರಾಯಿತು, ವಾಲೀಕಾರನನ್ನಲ್ಲ. ಆದರೆ ಓಡಾಟದ ದಣಿವು? ದಿನಕ್ಕೆ ಹತ್ತು ಮಂದಿ ಬಂದರೆ ನಡೆದೀತು. ಸಂತೆಯ ದಿನ ಸಾವಿರ ಮಂದಿ ಬಂದರೆ ಅಗಸಿಯ ಮುಂದೆ ಜಾತ್ರೆಯೇ ನೆರೆಯುತ್ತದೆ.

ಈ ಓಡಾಟ ತಪ್ಪಿಸುವ ಒಂದು ಉಪಾಯ ಬೇರೆ ಕೆಲಸಕ್ಕಾಗಿ ಹುಟ್ಟಿತು. ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಶಾಲೆಯ ಸ್ಟೀವನ್ ಮೆಕ್ಯಾನ್ ಮತ್ತು ವ್ಯಾನ್ ಜೇಕಬ್‌ಸನ್ ಅವರಿಗೆ ಯಾರನ್ನೂ ತಡೆಯಬೇಕಾಗಿರಲಿಲ್ಲ. ಹಾದುಹೋಗುವ ಪ್ಯಾಕೆಟ್ಟುಗಳಲ್ಲಿ ತಮಗೆ ಬೇಕಾದವನ್ನಷ್ಟೇ ಆರಿಸಿ ನೋಡಬೇಕಾಗಿತ್ತು. 1992ರ ಕೊನೆಗೆ ಬರೆದು 1993ರ ಜನವರಿಯಲ್ಲಿ ಓದಿದ ಪ್ರಬಂಧದಲ್ಲಿ ಅವರು ಬಿಪಿಎಫ್ ಎಂಬುದನ್ನು ವಿವರಿಸಿದರು. ಕುಲಕರ್ಣಿ ಒಂದು ಸಣ್ಣ ಚೀಟಿ ಬರೆದು ವಾಲೀಕಾರನ ಕೈಗೆ ಕೊಡುತ್ತಾನೆ. ವಾಲೀಕಾರ ಬಾಗಿಲಲ್ಲೇ ನಿಂತು ಚೀಟಿ ಓದಿ ತೀರ್ಮಾನಿಸುತ್ತಾನೆ. ಹಳೆಯ ವಿನ್ಯಾಸಕ್ಕಿಂತ ಇಪ್ಪತ್ತು ಪಟ್ಟುವರೆಗೂ ವೇಗ ಎಂದು ಅವರು ಬರೆದರು.

ಆದರೆ ಯಾರೋ ಬರೆದ ಚೀಟಿಯನ್ನು ಕರ್ನಲ್ ನಂಬುವುದು ಹೇಗೆ? 'ಮೊದಲ ಸಾಲಿಗೆ ಮರಳಿ ಹೋಗು' ಎಂದು ಚೀಟಿಯ ಕೊನೆಯಲ್ಲಿ ಬರೆದಿದ್ದರೆ ವಾಲೀಕಾರ ಸಾಯುವವರೆಗೂ ಅದನ್ನೇ ಓದುತ್ತ ನಿಂತಾನು. ಆದ್ದರಿಂದ ಒಂದು ಕಟ್ಟಳೆ: ಚೀಟಿಯಲ್ಲಿ ಕೆಳಗಿನ ಸಾಲಿಗೆ ಜಿಗಿಯಬಹುದು, ಮೇಲಿನ ಸಾಲಿಗೆ ಮರಳುವಂತಿಲ್ಲ. ಹೀಗಾದರೆ ಓದು ಎಂದಾದರೂ ಮುಗಿಯಲೇಬೇಕು. ಓಡಿಸುವ ಮುಂಚೆಯೇ ಕರ್ನಲ್ ಇದನ್ನು ಪರೀಕ್ಷಿಸುತ್ತದೆ. ನನ್ನ ಮಟ್ಟಿಗೆ ಈ ಇಡೀ ಕಥೆಯಲ್ಲಿ ಇದಕ್ಕಿಂತ ಸರಳವೂ ಸುಂದರವೂ ಆದ ಕಟ್ಟಳೆ ಇನ್ನೊಂದಿಲ್ಲ. ಇದರ ಫಲ ಇಪ್ಪತ್ತು ವರ್ಷದ ಮೇಲೆ ಬಂತು. ಅದನ್ನು ಮುಂದೆ ಹೇಳುತ್ತೇನೆ.

ಈ ನಡುವೆ 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಲಿನಕ್ಸ್ ಎಂಬ ಕರ್ನಲ್ ಬರೆದು ಊರಿಗೆಲ್ಲ ಹಂಚಿದ್ದ. ಬಿಎಸ್‌ಡಿ ಎಂಬ ಯುನಿಕ್ಸ್ ವಂಶದಲ್ಲಿ ಬೆಳೆದಿದ್ದ ಐಪಿಎಫ್‌ಡಬ್ಲ್ಯೂ ಎಂಬ ಕಾವಲು ವ್ಯವಸ್ಥೆಯನ್ನು 1994ರ ಕೊನೆಯಲ್ಲಿ ಅಲನ್ ಕಾಕ್ಸ್ ಲಿನಕ್ಸ್‌ಗೆ ತಂದರು. ಯೋಸ್ ವೋಸ್ ಮತ್ತು ಗೆಳೆಯರು ಅದನ್ನು ತಿದ್ದಿದರು. ಆಮೇಲೆ ಆಸ್ಟ್ರೇಲಿಯಾದ ರಸ್ಟಿ ರಸೆಲ್ ಮತ್ತು ಮೈಕೆಲ್ ನ್ಯೂಲಿಂಗ್ ಅವರ ಐಪಿಚೈನ್ಸ್ 1999ರ ಲಿನಕ್ಸ್ 2.2ರಲ್ಲಿ ಬಂತು. ಇಲ್ಲಿ ಕಾಯಿದೆ ಪಟ್ಟಿಯಾಗಿ ಕರ್ನಲ್‌ನ ಒಳಗೇ ಕುಳಿತಿತ್ತು. ಚಾವಡಿಗೆ ಓಡುವ ಪ್ರಶ್ನೆ ಇರಲಿಲ್ಲ. ಆದರೆ ನಮ್ಮ ಊರನ್ನು ಹಾದು ಮುಂದಿನ ಊರಿಗೆ ಹೋಗುವ ಬಂಡಿಯನ್ನು ಮೂರು ಕಡೆ ನಿಲ್ಲಿಸುತ್ತಿದ್ದರು: ಒಳಗೆ ಬರುವಾಗ, ಊರು ದಾಟುವಾಗ, ಹೊರಗೆ ಹೋಗುವಾಗ. ಹೊಸದೇನಾದರೂ ಸೇರಿಸಬೇಕೆಂದರೆ ಕರ್ನಲ್‌ನ ಹೊಟ್ಟೆಯನ್ನೇ ಕೊಯ್ಯಬೇಕಾಗಿತ್ತು.

ರಸೆಲ್ ತಾವು ಕಟ್ಟಿದ್ದನ್ನು ತಾವೇ ಕೆಡವಿ ಮತ್ತೆ ಕಟ್ಟಿದರು. ಅದೇ ನೆಟ್‌ಫಿಲ್ಟರ್, ಅದರ ಮೇಲೆ ಐಪಿಟೇಬಲ್ಸ್. 2001ರ ಜನವರಿಯಲ್ಲಿ ಲಿನಕ್ಸ್ 2.4ರೊಡನೆ ಬಂತು. ಇದರ ವಿಚಾರ ನಮ್ಮ ಹಳ್ಳಿಗೆ ಹೊಂದುತ್ತದೆ. ಕರ್ನಲ್‌ನಲ್ಲಿ ಪ್ಯಾಕೆಟ್ ನಡೆಯುವ ದಾರಿಯ ಮೇಲೆ ಐದು ಕಟ್ಟೆಗಳನ್ನು ಗುರುತು ಮಾಡಿದರು. ಊರಿನ ಸೀಮೆಗೆ ಕಾಲಿಟ್ಟ ಕೂಡಲೇ ಒಂದು. ಊರಿನವರಿಗಾಗಿಯೇ ಬಂದಿದ್ದರೆ ಮನೆಯ ಹೊಸ್ತಿಲಲ್ಲಿ ಒಂದು. ಬರೀ ಹಾದುಹೋಗುವುದಾದರೆ ದಾರಿಯಲ್ಲಿ ಒಂದು. ಊರಿನವರೇ ಕಳಿಸಿದ್ದಕ್ಕೆ ಒಂದು. ಸೀಮೆ ದಾಟುವ ಮುನ್ನ ಕೊನೆಯದೊಂದು. ಕರ್ನಲ್ ಕೊಡುವುದು ಕಟ್ಟೆಯನ್ನು ಮಾತ್ರ. ಅಲ್ಲಿ ಯಾರನ್ನು ಕೂಡಿಸಬೇಕು, ಯಾವ ಕಾಯಿದೆ ಹೇಳಬೇಕು ಎಂಬುದು ಆ ಯಂತ್ರದ ಒಡೆಯನ ಇಚ್ಛೆ. ಹಾದುಹೋಗುವವನನ್ನು ತಡೆಯುವ ಕಾಯಿದೆಯನ್ನು ಈಗ ಒಂದೇ ಕಡೆ ಬರೆದರೆ ಸಾಕು.

ನೆಟ್‌ಫಿಲ್ಟರ್ ಜೊತೆಗೆ ಬಂದ ಇನ್ನೊಂದು ವಿದ್ಯೆ ನೆನಪಿನ ವಿದ್ಯೆ. 2021ರ ಫೆಬ್ರುವರಿಯಲ್ಲಿ ಕರೋನಾ ಕಾಲದಲ್ಲಿ, ಮಹಾರಾಷ್ಟ್ರದಿಂದ ಬರುವವರು ತಪಾಸಣೆಯ ವರದಿ ತೋರಿಸಬೇಕೆಂದು ಕರ್ನಾಟಕ ಸರಕಾರ ಆಜ್ಞೆ ಮಾಡಿತ್ತು. ಗಡಿಯ ಆಚೆಯ ಇಂಡಿ, ಅಫಜಲಪುರ ತಾಲೂಕುಗಳೊಡನೆ ನಮಗೆ ಬೀಗತನವಿದೆ, ಹೊಲಮನೆಯ ಸಂಬಂಧವಿದೆ. ಅಂಥ ಹೊತ್ತಿನಲ್ಲಿ ನಾಕೆಯವನಿಗೆ ಏಳುವ ಪ್ರಶ್ನೆ ಇದು: ಈತ ಹೊಸಬನೋ, ಬೆಳಿಗ್ಗೆ ಇಲ್ಲಿಂದಲೇ ಆಚೆ ಹೋಗಿ ಈಗ ಮನೆಗೆ ಮರಳುತ್ತಿರುವವನೋ? ನೆನಪಿಲ್ಲದ ನಾಕೆಗೆ ಇಬ್ಬರೂ ಒಂದೇ.

ಹಳೆಯ ಕಾವಲಿಗೂ ಇದೇ ತೊಡಕು. ನೀವು ಹೊರಗಿನ ಒಂದು ತಾಣಕ್ಕೆ ಪ್ರಶ್ನೆ ಕಳಿಸಿದರೆ ಉತ್ತರ ಒಳಗೆ ಬರಲೇಬೇಕು. ಹೊರಗಿನವರನ್ನೆಲ್ಲ ತಡೆದರೆ ಉತ್ತರವೂ ನಿಂತುಹೋಗುತ್ತದೆ. ಉತ್ತರಕ್ಕೆಂದು ಬಾಗಿಲು ತೆರೆದರೆ ಕಳ್ಳನೂ ಒಳಗೆ ಬರುತ್ತಾನೆ. ನೆಟ್‌ಫಿಲ್ಟರ್ ಒಂದು ವಹಿ ಇಟ್ಟಿತು. ಒಳಗಿನಿಂದ ಹೊರಟ ಪ್ರತಿ ಸಂಭಾಷಣೆಯನ್ನೂ ಅದರಲ್ಲಿ ಬರೆದುಕೊಳ್ಳುತ್ತದೆ. ಹೊರಗಿನಿಂದ ಬಂದದ್ದು ಆ ವಹಿಯಲ್ಲಿದ್ದರೆ 'ನಮ್ಮವನೇ' ಎಂದು ಬಿಡುತ್ತದೆ. ಇಲ್ಲದಿದ್ದರೆ ಹೊಸಬ ಎಂದು ಕಾಯಿದೆ ನೋಡುತ್ತದೆ. ಒಮ್ಮೆ ಕುದುರಿದ ಸಂಭಾಷಣೆಯಲ್ಲಿ ಮುಂದೆ ಒಂದು ಮಾತೂ ನಡೆಯದಿದ್ದರೂ ಐದು ದಿನದ ತನಕ ಅದು ವಹಿಯಲ್ಲಿ ಉಳಿಯಲಿ ಎಂದು ಮೂಲದಲ್ಲೇ ಗೊತ್ತುಮಾಡಿಟ್ಟಿದ್ದಾರೆ. ಬೇಕೆಂದರೆ ಬದಲಿಸಬಹುದು. ಆದರೆ ವಹಿಗೂ ಹಾಳೆಗಳ ಮಿತಿ ಇದೆ. ಅದು ತುಂಬಿದರೆ ಕರ್ನಲ್ 'ಪಟ್ಟಿ ತುಂಬಿತು, ಪ್ಯಾಕೆಟ್ ಚೆಲ್ಲುತ್ತಿದ್ದೇನೆ' ಎಂದು ಬರೆದಿಟ್ಟು ಹೊಸಬರನ್ನು ಬಿಡುವುದನ್ನೇ ನಿಲ್ಲಿಸುತ್ತದೆ. ಸುಳ್ಳು ಹೆಸರಿನವರ ಸಾಲು ಹಚ್ಚಿ ವಹಿ ತುಂಬಿಸುವ ದುಷ್ಟರೂ ಇದ್ದಾರೆ. ನೆನಪು ಬುದ್ಧಿ ಕೊಟ್ಟಿತು, ಜೊತೆಗೆ ಹೊಸದೊಂದು ದೌರ್ಬಲ್ಯವನ್ನೂ ತಂದಿತು.

ಇದೇ ವಹಿಯಿಂದ ಇನ್ನೊಂದು ಲಾಭ. ಸೊಲ್ಲಾಪುರದ ಗಿರಣಿಗೆ ದುಡಿಯಲು ಹೋದವರಿಗೆ ಊರಿನಿಂದ ಕಾಗದ ಬರೆಯುವಾಗ ಯಾರದೋ ಅಂಗಡಿಯ 'ಕೇರಾಫ್' ಹಾಕುತ್ತಿದ್ದುದು ನಿಮಗೆ ನೆನಪಿರಬಹುದು. ಒಂದೇ ವಿಳಾಸಕ್ಕೆ ಹತ್ತು ಜನರ ಕಾಗದ. ಅಂಗಡಿಯವನು ಹೆಸರು ನೋಡಿ ಹಂಚುತ್ತಿದ್ದ. ಒಂದು ಮನೆಯ ನಾಲ್ಕು ಮೊಬೈಲುಗಳು ಒಂದೇ ವೈಫೈ ರೌಟರಿನ ವಿಳಾಸದಲ್ಲಿ ವ್ಯವಹರಿಸುವುದು ಹೀಗೆಯೇ. ರೌಟರ್ ಕೇರಾಫ್ ಅಂಗಡಿ. ಅಂಥ ಬಹಳ ರೌಟರುಗಳ ಒಳಗೆ ಓಡುವುದು ಲಿನಕ್ಸ್, ಹಂಚುವುದು ನೆಟ್‌ಫಿಲ್ಟರ್.

ಕಾಯಿದೆ ಬರೆಯುವವರ ಕೈ ತಪ್ಪಿದರೆ ಎಂಥ ಕರ್ನಲ್ ಇದ್ದರೂ ಉಪಯೋಗವಿಲ್ಲ ಎಂಬುದನ್ನೂ ಹೇಳಬೇಕು. ಐಪಿಟೇಬಲ್ಸ್ ಪಟ್ಟಿಯನ್ನು ಮೇಲಿನಿಂದ ಓದುತ್ತದೆ. ಮೊದಲು ಹೊಂದಿದ ಸಾಲೇ ಕಾಯಿದೆ. 'ಸೊಲ್ಲಾಪುರದ ಬಂಡಿಗಳನ್ನು ಬಿಡು' ಎಂದು ಮೊದಲ ಸಾಲು, 'ತಂಬಾಕಿನ ಬಂಡಿಗಳನ್ನು ತಡೆ' ಎಂದು ಎರಡನೆಯ ಸಾಲು ಬರೆದರೆ ಸೊಲ್ಲಾಪುರದ ತಂಬಾಕು ನಗುತ್ತ ಒಳಗೆ ಬರುತ್ತದೆ. ಯಾವ ಸಾಲೂ ಹೊಂದದಿದ್ದರೆ ಏನು ಮಾಡಬೇಕು? 'ಬಿಡು' ಎನ್ನುವುದು ಒಂದು ಪಂಥ. 'ತಡೆ' ಎನ್ನುವುದು ಇನ್ನೊಂದು. ತಿಳಿದವರು ಎರಡನೆಯದನ್ನೇ ಒಪ್ಪುತ್ತಾರೆ, ಏಕೆಂದರೆ ಮರೆತ ಕಳ್ಳನಿಗಿಂತ ಮರೆತ ನೆಂಟ ಮೇಲು. ನೆಂಟ ಬಾಗಿಲಲ್ಲಿ ನಿಂತು ಕೂಗಿ ಕರೆಯುತ್ತಾನೆ. ಆದರೂ ಲಿನಕ್ಸ್ ತಾನಾಗಿ ಕೊಡುವುದು 'ಬಿಡು' ಎಂಬುದನ್ನೇ. ದೂರದ ಊರಿನಲ್ಲಿ ಕುಳಿತು 'ಎಲ್ಲರನ್ನೂ ತಡೆ' ಎಂದು ಬರೆದು, ತನ್ನ ಸಂಪರ್ಕವನ್ನೇ ಕಡಿದುಕೊಂಡು, ಬಸ್ಸು ಹಿಡಿದು ಯಂತ್ರದ ಹತ್ತಿರ ಓಡಿದವರ ಕಥೆ ಈ ಕಸುಬಿನಲ್ಲಿ ಎಲ್ಲರಿಗೂ ಗೊತ್ತು. ಅಗಸಿಯ ಹೊರಗೆ ನಿಂತು ಒಳಗಿನ ಅಗಳಿ ಹಾಕಿದ ಹಾಗೆ.

2014ರ ಜನವರಿಯಲ್ಲಿ ಲಿನಕ್ಸ್ 3.13 ಎನ್‌ಎಫ್‌ಟೇಬಲ್ಸ್ ತಂದಿತು. ಅದೇ ವರ್ಷ ಅಲೆಕ್ಸಿ ಸ್ಟಾರೊವೊಯ್ಟೊವ್ ಮುಂತಾದವರು ಬರ್ಕ್ಲಿಯ ಆ ಹಳೆಯ ಚೀಟಿಯನ್ನು ಹಿಗ್ಗಿಸಿ ಇಬಿಪಿಎಫ್ ಮಾಡಿದರು. ಈಗ ಚೀಟಿಯಲ್ಲಿ ದೊಡ್ಡ ಲೆಕ್ಕವನ್ನೂ ಬರೆಯಬಹುದು. ಆದರೆ ಓಡಿಸುವ ಮೊದಲು ಕರ್ನಲ್‌ನ ಒಬ್ಬ ಪರೀಕ್ಷಕ ಸಾಲು ಸಾಲಾಗಿ ಓದಿ, ಇದು ಮುಗಿಯುತ್ತದೆಯೇ, ಪರರ ಸೊತ್ತನ್ನು ಮುಟ್ಟುತ್ತದೆಯೇ ಎಂದು ನೋಡಿಯೇ ಒಪ್ಪುತ್ತಾನೆ. ಜೆಫ್ರಿ ಮೊಗಲ್ ಅವರ ಕಾಲದ ಜಗ್ಗಾಟಕ್ಕೆ ಇದೊಂದು ರಾಜಿ: ಕಾಯಿದೆ ಹೊರಗಿನವರದು, ಜಾರಿ ಒಳಗಿನವರದು, ನಡುವೆ ಚಾವಡಿಗೆ ಓಡಾಟವಿಲ್ಲ.

ಇಷ್ಟೆಲ್ಲ ದೊಡ್ಡ ಯಂತ್ರಗಳ ಕಥೆ. ನಮ್ಮ ಕಿಸೆಯ ಮಾತೇನು?

ಆಂಡ್ರಾಯ್ಡ್ ಮೊಬೈಲಿನ ಒಳಗಿರುವುದೂ ಲಿನಕ್ಸ್ ಕರ್ನಲ್ಲೇ. ಸಾಮಾನ್ಯ ಲಿನಕ್ಸ್‌ನಲ್ಲಿ ಯಾವ ಕಾರ್ಯಕ್ರಮ ಬೇಕಾದರೂ ಜಾಲಕ್ಕೆ ಬಾಗಿಲು ತೆರೆಯಬಹುದು. ಗೂಗಲ್‌ನ ಇಂಜಿನಿಯರರು ಇದು ಮೊಬೈಲಿಗೆ ಸಲ್ಲದೆಂದು ಕರ್ನಲ್ಲನ್ನು ತಿದ್ದಿದರು. ಪ್ರತಿ ಆ್ಯಪ್‌ಗೂ ಹತ್ತು ಸಾವಿರದಿಂದ ಮೇಲಿನ ಒಂದು ನಂಬರು. ಜಾಲಕ್ಕೆ ಹೋಗುವ ಪರವಾನಿಗೆ ಇರುವವರನ್ನು ಮಾತ್ರ 3003 ಎಂಬ ಗುಂಪಿಗೆ ಸೇರಿಸುವುದು. ಆ ಗುಂಪಿನಲ್ಲಿಲ್ಲದವರು ಬಾಗಿಲು ಕೇಳಿದರೆ ಕರ್ನಲ್ ಕೊಡುವುದಿಲ್ಲ. ಈ ತಿದ್ದುಪಡಿಗೆ ಅವರು ಇಟ್ಟ ಹೆಸರು 'ಪ್ಯಾರನಾಯ್ಡ್ ನೆಟ್‌ವರ್ಕ್'. ನಮ್ಮ ಮಾತಿನಲ್ಲಿ ಸಂಶಯಪಿಶಾಚಿ. ಮುಂದೆ ಈ ಕೆಲಸವನ್ನು ಇಬಿಪಿಎಫ್‌ಗೇ ಒಪ್ಪಿಸಿದರು.

ನಾಕೆ ಗಟ್ಟಿಯಾಗಿದೆ, ಬದುವಿನ ದಾರಿಯಿಲ್ಲ. ಹಾಗಾದರೆ 3003ರ ಗುಂಪಿಗೆ ಸೇರಿಸುವವರು ಯಾರು? ನೀವಲ್ಲ. 2015ರ ಆಂಡ್ರಾಯ್ಡ್ 6ರಿಂದ ಕ್ಯಾಮೆರಾ ಬೇಕಾದರೆ ಆ್ಯಪ್ ನಿಮ್ಮನ್ನು ಕೇಳುತ್ತದೆ, ನೀವಿರುವ ಜಾಗ ಬೇಕಾದರೆ ಕೇಳುತ್ತದೆ, ಹೆಸರು-ನಂಬರುಗಳ ಪಟ್ಟಿ ಬೇಕಾದರೆ ಕೇಳುತ್ತದೆ. ಅಂತರ್ಜಾಲಕ್ಕೆ ಮಾತ್ರ ಕೇಳುವುದಿಲ್ಲ. ಆ್ಯಪ್ ಬರೆದವನು ತನ್ನ ಕಡತದಲ್ಲಿ ಒಂದು ಸಾಲು ಹಾಕಿದ್ದರೆ ಹಾಕಿಕೊಂಡ ಕೂಡಲೇ ಪರವಾನಿಗೆ ಸಿಕ್ಕಿತು. ಬ್ಯಾಟರಿ ದೀಪ ಹಚ್ಚುವ ಆ್ಯಪ್‌ಗೆ ಅಂತರ್ಜಾಲ ಯಾಕೆ ಬೇಕು ಎಂದು ಕೇಳಬೇಕಾದವರು ನೀವು. ನಿಮ್ಮ ಮುಂದೆ ಆ ಪ್ರಶ್ನೆ ಬರುವುದೇ ಇಲ್ಲ. ಸುಮಾರು ನಲವತ್ತು ವರ್ಷಗಳ ದುಡಿಮೆಯಿಂದ ವಾಲೀಕಾರ ಇಷ್ಟು ಬಲ್ಲಿದನಾದ ಮೇಲೆ, ದಫ್ತರವನ್ನು ಊರಿನವರ ಕೈಗೆ ಕೊಡದೆ ಇಟ್ಟುಕೊಂಡದ್ದು ನನಗೆ ಸರಿ ಕಾಣುವುದಿಲ್ಲ.

ವಾಲೀಕಾರನಿಂದ ಆಗದ ಕೆಲಸವೂ ಇದೆ. ಅವನು ಓದುವುದು ಲಕೋಟೆಯ ಮೇಲಿನದನ್ನು. ಒಳಗಿನ ಮಾತು ಇಂದು ಬಹುಮಟ್ಟಿಗೆ ಗೂಢಲಿಪಿಯಲ್ಲಿರುತ್ತದೆ. ಫೋನಿನಲ್ಲಿ ಯಾರೋ ಬ್ಯಾಂಕಿನವನೆಂದು ಹೇಳಿ ಕೇಳಿದ ಓಟಿಪಿಯನ್ನು ನೀವೇ ಬಾಯಿಬಿಟ್ಟು ಹೇಳಿದರೆ ಯಾವ ಕರ್ನಲ್ಲೂ ಅದನ್ನು ತಡೆಯಲಾರದು.

ಆದರೆ ಒಂದು ಸಾಲು ಬರೆಯುವ ಅಧಿಕಾರ ನಿಮಗೂ ಬಿಟ್ಟಿದ್ದಾರೆ. ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ಗಳ ಪಟ್ಟಿಗೆ ಹೋಗಿ. ಒಂದೊಂದು ಆ್ಯಪ್ ಎಷ್ಟು ಡೇಟಾ ಬಳಸಿದೆ ಎಂಬ ಲೆಕ್ಕ ಅಲ್ಲಿರುತ್ತದೆ. ಅದರ ಕೆಳಗೆ 'ಬ್ಯಾಕ್‌ಗ್ರೌಂಡ್ ಡೇಟಾ' ಎಂಬ ಗುಂಡಿ. ಅದನ್ನು ಆರಿಸಿದರೆ ಆ ಆ್ಯಪ್‌ನ ನಂಬರು ಕರ್ನಲ್‌ನ ಒಂದು ಪಟ್ಟಿಗೆ ಸೇರುತ್ತದೆ. ನೀವು ಅದನ್ನು ತೆರೆದು ಬಳಸದ ಹೊತ್ತಿನಲ್ಲಿ ಮೊಬೈಲ್ ಡೇಟಾದ ಮೇಲೆ ಅದರ ಪ್ಯಾಕೆಟ್ಟುಗಳು ನಾಕೆ ದಾಟುವುದಿಲ್ಲ. ಆ ಪಟ್ಟಿಯಲ್ಲಿದ್ದವರನ್ನು ಆಂಡ್ರಾಯ್ಡ್ ಬರೆದವರು ತಮ್ಮ ಮೂಲ ಬರಹದಲ್ಲಿ 'ನಾಟಿ ಆ್ಯಪ್ಸ್' ಎಂದು ಕರೆದಿದ್ದಾರೆ, ಕಿಡಿಗೇಡಿ ಆ್ಯಪ್‌ಗಳು. ಇವತ್ತು ರಾತ್ರಿ ಊಟವಾದ ಮೇಲೆ ಆ ಲೆಕ್ಕವನ್ನೊಮ್ಮೆ ತೆಗೆದು ನೋಡಿ. ದೀಪದ ಆ್ಯಪ್ ಎಷ್ಟು ಉಂಡಿದೆಯೋ ಕಾಣುತ್ತದೆ.